ಟ್ಯಾಕೊ ತಿನ್ನುವ ಮೊದಲು ಒಂದು ರಾಜ್ಮಾ ಕಾಳು ಹಿಚುಕಿ ನೋಡಿ

ಬೆಳಗಾವಿಯ ಟಿಳಕವಾಡಿ ಕಡೆ ಕಡಿಮೆ ದುಡ್ಡಿಗೆ ಮೆಕ್ಸಿಕನ್ ತಿಂಡಿ ಹುಡುಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಕ್ಕಳನ್ನು ಕರ್ಕೊಂಡು ಹೋಗುವವರಂತೂ ಓದಲೇಬೇಕು.

ಹೋದ ತಿಂಗಳು ಒಂದು ಶನಿವಾರ ಅಣ್ಣನ ಮಗಳು, ಮಗ ಇಬ್ಬರೂ ಹಟ ಹಿಡಿದರು. ಹೊಸ ಅಂಗಡಿ, ಹೊರಗೆ ದೊಡ್ಡ ಬೋರ್ಡು: 99 ರೂಪಾಯಿಗೆ ಎರಡು ಟ್ಯಾಕೊ, ಅಂದ್ರೆ ಮಡಚಿದ ರೊಟ್ಟಿಯೊಳಗೆ ರಾಜ್ಮಾ, ತರಕಾರಿ ತುಂಬಿದ ತಿಂಡಿ. ಮಕ್ಕಳಿಗೆ ಎರಡು ಪ್ಲೇಟ್ ಟ್ಯಾಕೊ, ಇಬ್ಬರಿಗೂ ಸೇರಿ 149ರ ಬುರಿಟೊ ಬೌಲ್ (ಅನ್ನ, ರಾಜ್ಮಾ ಕಲಸಿದ ಬಟ್ಟಲು), ನನಗೆ 129ರ ಚೀಸ್ ಕೆಸಡಿಯಾ (ಚೀಸ್ ತುಂಬಿ ಬೇಯಿಸಿದ ರೊಟ್ಟಿ) ಹೇಳಿದೆ. ಟೊಮ್ಯಾಟೊ, ಈರುಳ್ಳಿ, ಕೊತ್ತಂಬರಿ, ನಿಂಬೆ ಹಾಕಿದ ಸಾಲ್ಸಾ ತಾಜಾ ಇತ್ತು. ರುಚಿಯ ಬಗ್ಗೆ ನನ್ನ ದೂರಿಲ್ಲ.

ಎರಡು ತುತ್ತು ತಿಂದ ಹುಡುಗ ಹೇಳಿದ, "ಕಾಕಾ, ಕಾಳು ಒಂಚೂರು ಗಟ್ಟಿ ಅದಾವ." ನಾನು ಅವನ ತಟ್ಟೆಯಿಂದ ಒಂದು ರಾಜ್ಮಾ ತೆಗೆದು ಎರಡು ಬೆರಳಲ್ಲಿ ಹಿಚುಕಿದೆ. ಸಿಪ್ಪೆ ಜಾರಿತು, ಕಾಳು ಎರಡು ಹೋಳಾಯಿತು. ಒಳಗೆ ಬೆಳ್ಳಗೆ, ಸೀಮೆಸುಣ್ಣದ ಹಾಗೆ. ಆದರೂ "ಇರ್ಲಿ, ತಿನ್ನು" ಅಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಾಕೆ ಹಾಗಂದೆ? ನಮ್ಮ ಕಡೆ ಹಸಿ ಕಾಳು ಹೊಸದಲ್ಲವಲ್ಲ. ಮೊಳಕೆ ಬಂದ ಹೆಸರುಕಾಳಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ ರೊಟ್ಟಿ ಜೊತೆ ತಿಂದೇ ಬೆಳೆದವರು ನಾವು. ರಾಜ್ಮಾನೂ ಹಾಗೇ ಅಂದ್ಕೊಂಡೆ.

ಹಾಗಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನೋ ವಿಷದ ಅಂಶ ಜಾಸ್ತಿ ಇರುತ್ತದೆ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು, ಆಮೇಲೆ ಭೇದಿ. ನಮ್ಮಲ್ಲಿ ಆದದ್ದೂ ಅದೇ. ಎಂಟಕ್ಕೆ ತಿಂದೆವು, ಹತ್ತು ಗಂಟೆಗೆ ಹುಡುಗ ಬಚ್ಚಲಲ್ಲಿ ಕೂತಿದ್ದ. ಅರ್ಧ ಗಂಟೆ ಬಿಟ್ಟು ಅವನ ಅಕ್ಕ. ಕಾಳು ತಿನ್ನದ ನನಗೆ ಏನೂ ಆಗಲಿಲ್ಲ. ರಾತ್ರಿ ಹನ್ನೆರಡಕ್ಕೆ ದವಾಖಾನೆಗೆ ಓಡಿದೆವು. ಡಾಕ್ಟರ್ ಕೇಳಿದ್ದೇ "ರಾಜ್ಮಾ ಸರಿಯಾಗಿ ಬೆಂದಿತ್ತಾ?" ಅಂತ. ಬೆಳಗಿನವರೆಗೆ ಚಮಚ ಚಮಚ ಓಆರ್‌ಎಸ್ ಕುಡಿಸಿದೆವು. ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಗೆ ಹೋಗಿ ಕೇಳಿದೆ. ಅಡುಗೆ ಹುಡುಗ ಏನೂ ಮುಚ್ಚಿಡಲಿಲ್ಲ. "ರಾತ್ರಿ ನೆನಿ ಹಾಕ್ತೀವ್ರಿ. ಆಮ್ಯಾಲ ಸಣ್ಣ ಉರಿ ಮ್ಯಾಲ ಇಡ್ತೀವ್ರಿ. ಕುಕ್ಕರ್‌ಗೆ ಹಾಕಿದ್ರ ಒಡದು ಹಿಟ್ಟಾಗ್ತಾವ್ರಿ, ನೋಡಾಕ ಚಂದ ಕಾಣಂಗಿಲ್ರಿ."

ತಪ್ಪು ಇರೋದು ಇಲ್ಲೇ. ಕುದಿ ಬರದ ಸಣ್ಣ ಉರಿಗೆ ಆ ವಿಷ ಸಾಯೋದಿಲ್ಲ. ಅರೆಬೆಂದ ಕಾಳು ಕೆಲವು ಸಲ ಹಸಿ ಕಾಳಿಗಿಂತ ಕೆಟ್ಟದ್ದು. ಕನಿಷ್ಠ ಐದು ಗಂಟೆ ನೆನೆಸಬೇಕು, ಆ ನೀರು ಚೆಲ್ಲಬೇಕು, ಹೊಸ ನೀರಲ್ಲಿ ಕೊತಕೊತ ಅರ್ಧ ಗಂಟೆ ಕುದಿಸಬೇಕು. ಗ್ಯಾಸ್ ಉಳಿಸೋಕೆ ಹೋಗಿ ಇದನ್ನು ಬಿಟ್ಟರೆ 99ಕ್ಕೆ ಟ್ಯಾಕೊ ಕೊಡಬಹುದು, ನಿಜ. ಆದರೆ ಮೆಕ್ಸಿಕೊದಲ್ಲಿ ಬಡವರ ಮನೆಯ ಊಟವೇ ಬೀನ್ಸ್ ಮತ್ತು ಟೋರ್ಟಿಯಾ ಅನ್ನೋ ಮೆಕ್ಕೆಜೋಳದ ರೊಟ್ಟಿ. ಅಲ್ಲಿ ಕಾಳನ್ನು ಮಣ್ಣಿನ ಗಡಿಗೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ, ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಕುದಿಸಿ ರುಬ್ಬಿ ನಮ್ಮ ರೊಟ್ಟಿಯ ಹಾಗೆ ತಟ್ಟುತ್ತಾರೆ. ಅಗ್ಗದ ಊಟ, ಆದರೆ ಪೂರ್ತಿ ಬೆಂದ ಊಟ.

ಬಿಲ್ಲಿನ ಕಥೆಯೂ ಹೇಳಿಬಿಡ್ತೀನಿ. ತಿಂದದ್ದು 476ಕ್ಕೆ, ಕೊಟ್ಟದ್ದು 550. ಕೇಳದೆಯೇ ಶೇಕಡಾ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇಕಡಾ 5 ಜಿಎಸ್‌ಟಿ. ಚೀಟಿಯಲ್ಲಿ ಜಿಎಸ್‌ಟಿ ನಂಬರೂ ಇಲ್ಲ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್) ನಂಬರೂ ಇಲ್ಲ. ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ 2022ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ತೆಗೆಯಿರಿ ಅನ್ನಿ. ತೆಗೆಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಮಕ್ಕಳ ಮುಂದೆ ಜಗಳ ಬೇಡ ಅಂತ ಸುಮ್ನೆ ಕೊಟ್ಟು ಬಂದೆ, ಅದೂ ತಪ್ಪೇ.

ತಿನ್ನಲೇಬೇಡಿ ಅಂತ ಹೇಳ್ತಿಲ್ಲ. ಕಾಳು ಹಿಚುಕಿದರೆ ಬೆಣ್ಣೆಯ ಹಾಗೆ ನುಣ್ಣಗಾಗಬೇಕು. ಆಗದಿದ್ದರೆ ತಟ್ಟೆ ವಾಪಸ್ ಕೊಡಿ. ಅನುಮಾನ ಬಂದರೆ ಪನೀರ್ ಅಥವಾ ಮೆಕ್ಕೆಜೋಳದ್ದು ಹೇಳಿ. ತಿಂದು ವಾಂತಿಯಾದರೆ ಬಿಲ್ ಬಿಸಾಡಬೇಡಿ, ಯಾವಾಗ ತಿಂದಿರಿ, ಯಾವಾಗ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಮೊನ್ನೆ ಸಂಜೆ ಮತ್ತೆ ಆ ಕಡೆ ಹೋಗಿದ್ದೆ. ಬೋರ್ಡು ಹಾಗೇ ಇದೆ. ಮುಂದೆ ಬ್ಯಾಗ್ ಹಾಕ್ಕೊಂಡ ಏಳೆಂಟು ಕಾಲೇಜು ಹುಡುಗರು ನಿಂತಿದ್ದರು.