ಕ್ಯಾಮ್ ಜಾರಿ ಬರದಿದ್ದರೆ ಕಂಬ ಬಿಚ್ಚಬೇಡಿ: ನನ್ನ 240 ಜೆಡ್ ಹೆಡ್ ಹಾಳಾದ ಕಥೆ

ಪೂರ್ತಿ ಓದುವ ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಡಾಟ್ಸನ್ 240 ಜೆಡ್ ಕಾರಿನ ಹೆಡ್, ಅಂದರೆ ಎಂಜಿನ್ ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಮನೆಯಲ್ಲಿ ಬಿಚ್ಚುತ್ತಿದ್ದೀರಾ? ವಾಲ್ವುಗಳನ್ನು ತೆರೆಯುವ ಉದ್ದನೆಯ ದಂಡವಾದ ಕ್ಯಾಮ್‌ಶಾಫ್ಟ್ ಎಳೆದರೂ ಹೊರಗೆ ಬರುತ್ತಿಲ್ಲವಾ? ಹಾಗಾದರೆ ಸ್ಪ್ಯಾನರ್ ಕೆಳಗಿಡಿ. ಕ್ಯಾಮನ್ನು ಹೊತ್ತು ನಿಂತಿರುವ ಐದು ಕಂಬಗಳ ಬೋಲ್ಟಿಗೆ ಕೈ ಹಾಕಬೇಡಿ. ನಾನು ಹಾಕಿದೆ. ಐವತ್ತು ವರ್ಷ ಬಾಳಿದ ಹೆಡ್ಡು ನನ್ನ ಕೈಗೆ ಸಿಕ್ಕಿ ಎರಡೇ ತಿಂಗಳಲ್ಲಿ ಗುಜರಿಯ ಬಾಗಿಲಿಗೆ ಹೋಗಿ ನಿಂತಿತು.

ಶುರುವಾಗಿದ್ದು ರೇಡಿಯೇಟರ್ ಹೋಸಿನ ಒಂದು ಕ್ಲಿಪ್ಪಿನಿಂದ. ಸಡಿಲ ಆಗಿತ್ತು, ನೀರು ಸೋರಿತು, ಶಾಖ ತೋರಿಸುವ ಮುಳ್ಳು ಮೇಲೆ ಏರಿತು. ಇನ್ನೇನು ಮನೆ ಬಂತಲ್ಲ ಅಂತ ನಿಲ್ಲಿಸದೆ ಓಡಿಸಿದೆ. ಇದು ನನ್ನ ಮೊದಲ ತಪ್ಪು, ಉಳಿದದ್ದೆಲ್ಲ ಇದರ ಮಕ್ಕಳು ಮರಿಗಳು. ಮಾರನೇ ದಿನದಿಂದ ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಆಯಿಲ್ ಮುಚ್ಚಳ ತೆಗೆದರೆ ಅದರ ಒಳಗೆ ಕೆನೆ ಬಣ್ಣದ ಲೋಳೆ. ನೀರು ಆಯಿಲ್ ಜೊತೆ ಸೇರಿತ್ತು. ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೇಳೋಕೆ ಮೆಕ್ಯಾನಿಕ್ ಬೇಕಾಗಿರಲಿಲ್ಲ.

ಹೆಡ್ ಬಿಚ್ಚೋದು ಹೇಗೆ ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದೆ ಅನ್ನಿ. ಹಿಂದೆ ಒಂದೆರಡು ಹಳೆಯ ಎಂಜಿನ್‌ಗಳ ಕಬ್ಬಿಣದ ಹೆಡ್ ಇಳಿಸಿ, ಉಜ್ಜಿ, ಮತ್ತೆ ಕೂರಿಸಿ ಓಡಿಸಿದ್ದೆ. ಆ ಕಬ್ಬಿಣದ ಹೆಡ್‌ಗಳು ನಾವು ಮಾಡುವ ಮಂಗಾಟ ಎಷ್ಟೋ ಸಹಿಸಿಕೊಳ್ಳುತ್ತವೆ. ಅವುಗಳ ಕ್ಯಾಮ್ ಕೆಳಗೆ ಬ್ಲಾಕಿನಲ್ಲಿರುತ್ತೆ. ಹೆಡ್ ಅಂದರೆ ವಾಲ್ವು, ಸ್ಪ್ರಿಂಗು, ವಾಲ್ವನ್ನು ಒತ್ತುವ ರಾಕರು, ಅಷ್ಟೇ. ಕೆಳಗಿನ ಮುಖ ಚಪ್ಪಟೆ ಇದ್ದರೆ ಕೆಲಸ ಮುಗಿಯಿತು.

240 ಜೆಡ್‌ನ ಎಲ್24 ಎಂಜಿನ್ ಹಾಗಲ್ಲ. 2393 ಸಿಸಿ, ಸಾಲಾಗಿ ಆರು ಸಿಲಿಂಡರ್. ಬ್ಲಾಕು ಎರಕದ ಕಬ್ಬಿಣ, ಅದರ ಮೇಲೆ ಅಲ್ಯೂಮಿನಿಯಂ ಹೆಡ್. ಹೆಡ್ಡಿನ ಮೇಲೆ ಸಾಲಾಗಿ ಐದು ಅಲ್ಯೂಮಿನಿಯಂ ಕಂಬಗಳು, ಆ ಕಂಬಗಳ ತೂತಿನಲ್ಲಿ ಉದ್ದಕ್ಕೆ ತೂರಿಕೊಂಡಿರುವ ಕ್ಯಾಮ್. ನಡುವೆ ಬೇರಿಂಗ್ ಇಲ್ಲ, ಬುಷ್ ಇಲ್ಲ. ಗಟ್ಟಿಯ ಕ್ಯಾಮ್ ನೇರವಾಗಿ ಅಲ್ಯೂಮಿನಿಯಂ ಮೇಲೆ ತಿರುಗುತ್ತೆ. ಮಧ್ಯೆ ಇರೋದು ಆಯಿಲಿನ ತೆಳು ಪೊರೆ ಮಾತ್ರ.

ಅಲ್ಯೂಮಿನಿಯಂ ಬಿಸಿಯಾದರೆ ಕಬ್ಬಿಣಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತೆ. 14 ಬೋಲ್ಟುಗಳು ಅದನ್ನು ಕಬ್ಬಿಣಕ್ಕೆ ಅದುಮಿ ಹಿಡಿದಿರುತ್ತವೆ. ಮಿತಿಮೀರಿ ಕಾದಾಗ ಉದ್ದಕ್ಕೆ ಹಿಗ್ಗೋಕೆ ಜಾಗ ಇಲ್ಲ. ಆಗ ಹೆಡ್ಡು ಬಿಲ್ಲಿನ ಹಾಗೆ ಬಾಗುತ್ತೆ, ನಡುಭಾಗ ಮೇಲಕ್ಕೆ. ತಣ್ಣಗಾದ ಮೇಲೂ ಆ ಬಾಗು ಉಳಿದುಬಿಡುತ್ತೆ. ಇದನ್ನು ಈಗ ಸಲೀಸಾಗಿ ಹೇಳುತ್ತಿದ್ದೇನೆ. ಆವತ್ತು ಇದರಲ್ಲಿ ಅರ್ಧ ಮಾತ್ರ ತಲೆಯಲ್ಲಿತ್ತು: ಕೆಳಗಿನ ಮುಖ ಬಾಗುತ್ತೆ ಅನ್ನೋದು. ಕೆಳಗೆ ಬಾಗಿದರೆ ಮೇಲಿನ ಐದು ಕಂಬಗಳ ಸಾಲೂ ಅದರ ಜೊತೆ ಬಾಗಿರಲೇಬೇಕು ಅಲ್ವಾ? ಆ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ.

ಕ್ಯಾಮ್‌ಗಿಂತ ಮೊದಲು ಚೈನಿನ ಕಥೆ ಹೇಳಲೇಬೇಕು. ಅದರಲ್ಲೂ ಒಂದು ಎಚ್ಚರಿಕೆ ಇದೆ.

ಹೆಡ್ ಎತ್ತಬೇಕಾದರೆ ಕ್ಯಾಮಿನ ಮುಂದಿರುವ ಸ್ಪ್ರಾಕೆಟ್, ಅಂದರೆ ಕೆಳಗಿನ ಕ್ರ್ಯಾಂಕಿನಿಂದ ಬರುವ ಚೈನ್ ಕೂರುವ ಹಲ್ಲಿನ ಚಕ್ರ, ಬಿಚ್ಚಬೇಕು. ಬಿಚ್ಚಿದ ಕೂಡಲೇ ಚೈನ್ ಸಡಿಲ. ಕೆಳಗೆ ಮುಂಭಾಗದ ಕವರಿನ ಒಳಗೆ ಒಂದು ಟೆನ್ಷನರ್ ಇದೆ, ಸ್ಪ್ರಿಂಗ್ ತಳ್ಳುತ್ತಿರುವ ಒಂದು ಪುಟ್ಟ ಪಿಸ್ಟನ್. ಚೈನ್ ಸಡಿಲವಾದರೆ ಅದು ಗೂಡಿನಿಂದ ಆಚೆ ಹಾರುತ್ತೆ. ಅದಕ್ಕೇ ಸ್ಪ್ರಾಕೆಟ್ ತೆಗೆಯುವ ಮೊದಲು ಚೈನಿನ ಎರಡು ಎಳೆಗಳ ನಡುವೆ ಮೇಲಿನಿಂದ ಮರದ ಬೆಣೆ ಇಳಿಸಿ ಗಟ್ಟಿಯಾಗಿ ಬಡಿದು ಕೂರಿಸಬೇಕು. ಬೆಣೆ ಉದ್ದ ಇರಬೇಕು, ಕೆಳಗೆ ಟೆನ್ಷನರ್ ಮಟ್ಟದವರೆಗೆ ಇಳಿಯಬೇಕು, ಮತ್ತೆ ಎತ್ತಿಕೊಳ್ಳೋಕೆ ಅದರ ತಲೆಗೆ ಒಂದು ದಾರ ಕಟ್ಟಿರಬೇಕು.

ನಾನು ಬೆಣೆ ಮಾಡಿದ್ದೆ. ದಾರವನ್ನೂ ಕಟ್ಟಿದ್ದೆ. ಆದರೆ ಮೂಲೆಯಲ್ಲಿ ಬಿದ್ದಿದ್ದ ಮೆತ್ತನೆಯ ಮರದ ಚೂರಿನಲ್ಲಿ ಮಾಡಿದ್ದೆ, ಗಿಡ್ಡವಾಗಿತ್ತು. ಸ್ಪ್ರಾಕೆಟ್ ತೆಗೆದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ, ಡಬ್ಬಿಯೊಳಗೆ ನಾಣ್ಯ ಬಿದ್ದ ಹಾಗೆ, 'ಟಣ್' ಅಂತ ಒಂದು ಸದ್ದು. ಅಷ್ಟೇ. ಆ ಒಂದು ಸದ್ದಿಗೆ ಮೂರು ಶನಿವಾರ ಹೋದವು. ಮುಂಭಾಗದ ಕವರ್ ತೆಗೆಯಬೇಕು ಅಂದರೆ ರೇಡಿಯೇಟರ್ ಇಳಿಸಬೇಕು, ಫ್ಯಾನು, ಕ್ರ್ಯಾಂಕ್ ಪುಲ್ಲಿ, ವಾಟರ್ ಪಂಪು ಬಿಚ್ಚಬೇಕು, ಕೆಳಗೆ ಆಯಿಲ್ ನಿಲ್ಲುವ ಸಂಪಿನ ಬೋಲ್ಟುಗಳನ್ನೂ ಬಿಚ್ಚಬೇಕು. ಆಯಿಲ್ ಪಂಪು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಎರಡೂ ಅದೇ ಕವರಿಗೆ ಕೂತಿವೆ. ಅವೆರಡನ್ನೂ ತಿರುಗಿಸುವ ಉದ್ದನೆಯ ಶಾಫ್ಟನ್ನು ಮತ್ತೆ ಕೂರಿಸುವಾಗ, ಮೇಲಿಂದ ನೋಡಿದರೆ ಅದರ ತುದಿ ಗಡಿಯಾರದಲ್ಲಿ 11 ಗಂಟೆ 25 ನಿಮಿಷದ ಮುಳ್ಳಿನ ಹಾಗೆ ನಿಲ್ಲಬೇಕು. ಒಂದು ಹಲ್ಲು ಆಚೀಚೆ ಆದರೆ ಕಿಡಿ ಹೊತ್ತುವ ಹೊತ್ತೇ ತಪ್ಪುತ್ತೆ. ನನ್ನದು ಮೊದಲ ಸಲ ಸುಮಾರು 11:40 ತೋರಿಸಿತು. ಮತ್ತೆ ಬಿಚ್ಚಿದೆ.

ಇಷ್ಟು ಹೊತ್ತಿಗೆ ತಾಳ್ಮೆ ತೀರಿತ್ತು. ಅದು ನೆನಪಿರಲಿ, ಯಾಕಂದರೆ ಮುಂದಿನದೆಲ್ಲ ಆ ಮನಸ್ಥಿತಿಯಲ್ಲೇ ಮಾಡಿದ್ದು.

ಹೆಡ್ಡು ಮೇಜಿನ ಮೇಲೆ ಬಂತು. ರಾಕರುಗಳನ್ನು ತೆಗೆದೆ. ಪ್ರತಿ ರಾಕರಿಗೂ ಇಲಿಬೋನಿನ ಸ್ಪ್ರಿಂಗಿನಂಥ ಒಂದು ತಂತಿ ಇರುತ್ತೆ, ಅದು ಬೆರಳಿಗೆ ಹೊಡೆದ ಲೆಕ್ಕ ಬಿಡಿ. ಕ್ಯಾಮ್ ಮುಂದಿನ ತಗಡು ಬಿಚ್ಚಿ ಕ್ಯಾಮನ್ನು ಉದ್ದಕ್ಕೆ ಎಳೆದೆ. ಸರಿಯಾಗಿರುವ ಹೆಡ್ಡಿನಲ್ಲಿ ಅದು ಬೆರಳಲ್ಲಿ ತಿರುಗುತ್ತೆ, ತಿರುಗಿಸುತ್ತಾ ಎಳೆದರೆ ಎಣ್ಣೆಯಲ್ಲಿ ಅದ್ದಿದ ಕೋಲಿನ ಹಾಗೆ ಜಾರಿ ಬರುತ್ತೆ. ನನ್ನದು ಅಲುಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಹಳೆಯ ಆಯಿಲ್ ಅಂಟಿಕೊಂಡಿರಬೇಕು ಅಂತ ಸೀಮೆಎಣ್ಣೆ ಸುರಿದೆ. ರಾತ್ರಿ ಇಡೀ ಬಿಟ್ಟೆ. ಬೆಳಿಗ್ಗೆಯೂ ಅದೇ ಹಾಡು.

ಹೆಡ್ಡು ಅಷ್ಟು ಹೊತ್ತಿಂದ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: ನಾನು ಮೇಲೂ ಬಾಗಿದ್ದೇನೆ, ಐದು ತೂತು ಒಂದೇ ಗೆರೆಯಲ್ಲಿಲ್ಲ. ನಾನು ಕೇಳಿಸಿಕೊಂಡದ್ದು: ಕಂಬಗಳನ್ನು ಬಿಚ್ಚಿದರೆ ಕ್ಯಾಮ್ ಸುಲಭವಾಗಿ ಬರುತ್ತೆ. ಪ್ರತಿ ಕಂಬಕ್ಕೆ ಎರಡೆರಡು ಬೋಲ್ಟ್. ಹತ್ತೇ ನಿಮಿಷ. ಬಂತು ಕೂಡ. ಖುಷಿಯಿಂದ ಕಂಬಗಳನ್ನು ತೊಳೆದು ಬಟ್ಟೆ ಮೇಲೆ ಸಾಲಾಗಿ ಇಟ್ಟು ಫೋಟೋ ಬೇರೆ ತೆಗೆದೆ.

ಸರ್ವಿಸ್ ಪುಸ್ತಕದಲ್ಲಿ ಕಂಬಗಳನ್ನು ಬಿಚ್ಚಬೇಡಿ ಅಂತ ಸ್ಪಷ್ಟವಾಗಿ ಇದೆ. ಕಾರಣ ಸರಳ. ಕಾರ್ಖಾನೆಯಲ್ಲಿ ಮೊದಲು ಕಂಬಗಳನ್ನು ಹೆಡ್ಡಿಗೆ ಬಿಗಿದು, ಆಮೇಲೆ ಐದರಲ್ಲೂ ಒಂದೇ ಏಟಿಗೆ ತೂತು ಕೊರೆಯುತ್ತಾರೆ. ಅಂದರೆ ಆ ಗೆರೆ ಆ ಹೆಡ್ಡಿಗೆ, ಆ ಕಂಬಗಳಿಗೆ, ಆ ಜಾಗದಲ್ಲಿ ಮಾತ್ರ ಸರಿ. ಬಿಚ್ಚಿ ಹಾಕಿದರೆ ಕೂದಲೆಳೆಯಷ್ಟು ಆಚೀಚೆ ಆಗುತ್ತೆ. ಕ್ಯಾಮಿಗೆ ಕೂದಲೆಳೆ ಅಂದರೆ ಜಾಸ್ತಿ. ಈ ಪುಟ ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು ಅನ್ನುವ ಟಾರ್ಕ್ ಪಟ್ಟಿ ಮಾತ್ರ ಗೋಡೆಗೆ ಅಂಟಿಸಿಕೊಂಡಿದ್ದೆ!

ನಂತರ ಬರೀ ಹೆಡ್ಡನ್ನು, ಕೆಳಮುಖ ಕೆತ್ತಿ ಸಪಾಟು ಮಾಡುವ ಫೇಸಿಂಗ್‌ಗೆ ಕೊಟ್ಟೆ. ನೇರ ಪಟ್ಟಿ ಇಟ್ಟು ನೋಡಿದಾಗ ನಡುವೆ 0.25 ಮಿಲಿಮೀಟರ್ ದಪ್ಪದ ಅಳತೆ ತಗಡು (ಫೀಲರ್ ಗೇಜ್) ನುಸುಳುತ್ತಿತ್ತು. ಪುಸ್ತಕದ ಮಿತಿ 0.1. ಮಷಿನ್ ಅಂಗಡಿಯವರು ಕೆಳಗಿನ ಮುಖವನ್ನು ಕನ್ನಡಿ ಹಾಗೆ ಮಾಡಿಕೊಟ್ಟರು. ಅವರು ಕ್ಯಾಮ್ ತಿರುಗುತ್ತಿತ್ತಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಂಬಗಳೇ ಇಲ್ಲದ ಹೆಡ್ಡು ನೋಡಿದರೆ ಅವರಿಗಾದರೂ ಏನು ಗೊತ್ತಾಗಬೇಕು? ನಿಜ ಹೇಳಬೇಕೆಂದರೆ ಒಂದು ಪ್ರಶ್ನೆ ಕೇಳಬಹುದಿತ್ತು ಅಂತ ನನಗೆ ಇವತ್ತಿಗೂ ಸ್ವಲ್ಪ ಕೋಪ ಇದೆ, ಆದರೆ ಅದು ನ್ಯಾಯದ ಕೋಪ ಅಲ್ಲ.

ಬಾಗಿದ ಹೆಡ್ಡಿನ ಅಡಿಯನ್ನು ಸಪಾಟಾಗಿ ಕೆತ್ತಿದರೆ ಅಡಿ ಮಾತ್ರ ಸಪಾಟಾಗುತ್ತೆ, ಬೆನ್ನು ಗೂನಾಗಿಯೇ ಉಳಿಯುತ್ತೆ. ಸರಿಯಾದ ದಾರಿ ಬೇರೆ ಇದೆ. ಹೆಡ್ಡನ್ನು ದಪ್ಪನೆಯ ಉಕ್ಕಿನ ಹಲಗೆ ಮೇಲಿಟ್ಟು, ಎರಡೂ ತುದಿಗೆ ತೆಳು ತಗಡು ಕೊಟ್ಟು, ನಡುಭಾಗವನ್ನು ಕೆಳಕ್ಕೆ ಬಿಗಿದು, ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ನಿಧಾನವಾಗಿ ಆರಲು ಬಿಡುತ್ತಾರೆ. ಬೆನ್ನು ನೇರ ಆದ ಮೇಲೆ ಕೆಳಮುಖವನ್ನು ಒಂದು ಚೂರು ಸವರಿದರೆ ಸಾಕು. ಈ ಕೆಲಸ ಎಲ್ಲ ಮಷಿನ್ ಅಂಗಡಿಯಲ್ಲೂ ಆಗಲ್ಲ, ಮೊದಲೇ ಕೇಳಿ.

ವಾಲ್ವುಗಳ ಕೆಲಸ ಚೆನ್ನಾಗಿಯೇ ಆಯಿತು. ವಾಲ್ವು ಸರಿಯಾಗಿ ಕೂರುವಂತೆ ಉಜ್ಜುವ ಲ್ಯಾಪಿಂಗ್ ಮಾಡಿದೆ, ಹೊಸ ಸೀಲ್ ಹಾಕಿದೆ, ಹೆಡ್ ತಿರುವಿಟ್ಟು ಚೇಂಬರಿಗೆ ಸೀಮೆಎಣ್ಣೆ ತುಂಬಿಸಿ ಪೋರ್ಟಿನಲ್ಲಿ ಒಂದು ಹನಿಯೂ ಜಿನುಗದ್ದನ್ನು ನೋಡಿದೆ. ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಮಾತ್ರ ಹುಷಾರು. ಆ ಕಾಲದವುಗಳಲ್ಲಿ ಕಲ್ನಾರು ಇರಬಹುದು, ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ.

ಜೋಡಿಸುವಾಗ ಹೆಡ್ಡು ಇನ್ನೊಂದು ಅವಕಾಶ ಕೊಟ್ಟಿತ್ತು. ಕ್ಯಾಮ್ ಇಟ್ಟು, ಕಂಬ ಬಿಗಿದು, ರಾಕರ್ ಹಾಕುವ ಮೊದಲೇ ಬೆರಳಲ್ಲಿ ತಿರುಗಿಸಿ ನೋಡಬೇಕಿತ್ತು. ನಾನು ರಾಕರ್ ಎಲ್ಲ ಹಾಕಿ, ಸ್ಪ್ಯಾನರ್ ಹಿಡಿದು ತಿರುಗಿಸಿದೆ. ಬಿಗಿ ಅನ್ನಿಸಿತು. ವಾಲ್ವ್ ಸ್ಪ್ರಿಂಗು ಒತ್ತುತ್ತಿರಬೇಕು, ಎಲ್ಲ ಹೊಸದಲ್ವಾ, ಓಡಿದರೆ ಸರಿಹೋಗುತ್ತೆ ಅಂದುಕೊಂಡೆ. ರಾಕರ್ ಹಾಕಿದ ಮೇಲೆ ಯಾವ ಬಿಗಿ ಯಾವುದರದ್ದು ಅಂತ ಯಾರಿಗೂ ಗೊತ್ತಾಗಲ್ಲ.

ಎಂಜಿನ್ ಎರಡನೇ ಸಲಕ್ಕೇ ಹೊತ್ತಿಕೊಂಡಿತು. ಆರೂ ಸಿಲಿಂಡರ್ ಒಂದೇ ದನಿಯಲ್ಲಿ. ಅಷ್ಟು ಚಂದದ ಸದ್ದು! ಹೊಗೆ ಇಲ್ಲ, ನೀರು ಕಮ್ಮಿಯಾಗಲಿಲ್ಲ. ಮೂರನೇ ದಿನ, ಒಟ್ಟು ಮೂವತ್ತೈದು ಕಿಲೋಮೀಟರ್ ಓಡಿದ ಮೇಲೆ, ವಾಲ್ವ್ ಕವರಿನ ಕೆಳಗಿನಿಂದ ಕೀರಲು ದನಿ ಶುರುವಾಯಿತು. ಎಣ್ಣೆ ಕಾಣದ ಬಾಗಿಲಿನ ತಿರುಗಣಿ ಹಾಗೆ. ಆಫ್ ಮಾಡಿದೆ. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಬರೀ 'ಟಕ್'. ತಿರುಗಲಿಲ್ಲ.

ಕವರ್ ತೆಗೆದಾಗ ನಡುವಿನ ಮೂರನೇ ಕಂಬದ ಸುತ್ತ ಆಯಿಲಿನಲ್ಲಿ ಬೆಳ್ಳಿ ಪುಡಿ ತೇಲುತ್ತಿತ್ತು. ತೂತಿನ ಅಲ್ಯೂಮಿನಿಯಂ ಕರಗಿದ ಹಾಗಾಗಿ ಕ್ಯಾಮಿಗೆ ಮೆತ್ತಿಕೊಂಡಿತ್ತು. ಉಗುರಲ್ಲಿ ಕೆರೆದರೆ ಗೀರುಗಳು ಲೆಕ್ಕಕ್ಕೆ ಸಿಗುವಷ್ಟು ಆಳ. ಕ್ಯಾಮ್ ಹೋಯಿತು, ಕಂಬ ಹೋಯಿತು. ಆ ಬೆಳ್ಳಿ ಪುಡಿ ಆಯಿಲ್ ಜೊತೆ ಕೆಳಗಿನ ಬೇರಿಂಗ್‌ಗಳಿಗೆ ಎಷ್ಟು ಇಳಿದಿದೆಯೋ ಅಂತ ಸಂಪ್ ಬಿಚ್ಚಿ ನೋಡುವ ಕೆಲಸ ಬೇರೆ.

ಈಗಾಗಲೇ ಕಂಬ ಬಿಚ್ಚಿ ಕೂತವರು ಇದನ್ನು ಓದುತ್ತಿದ್ದರೆ ಗಾಬರಿ ಬೇಡ, ದಾರಿ ಇದೆ. ಪ್ರತಿ ಕಂಬವನ್ನೂ ಅದರ ಜಾಗಕ್ಕೆ, ಅದೇ ದಿಕ್ಕಿಗೆ ಇಡಿ. ಕ್ಯಾಮ್ ತೂರಿಸಿ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದೊಂದು ಸುತ್ತಿಗೂ ಕ್ಯಾಮನ್ನು ಬೆರಳಲ್ಲಿ ತಿರುಗಿಸುತ್ತಾ ಇರಿ. ಎಲ್ಲಿ ಹಿಡಿಯಿತೋ ಅಲ್ಲಿಯ ಕಂಬವನ್ನು ಸಡಿಲಿಸಿ ಮೆಲ್ಲಗೆ ತಟ್ಟಿ ಮತ್ತೆ ಬಿಗಿ ಮಾಡಿ. ಪೂರ್ತಿ ಬಿಗಿದ ಮೇಲೂ ಬೆರಳಲ್ಲಿ ತಿರುಗಬೇಕು, ರಾಕರ್ ಹಾಕುವ ಮುಂಚೆ. ತಿರುಗದಿದ್ದರೆ ಹೆಡ್ಡೇ ಬಾಗಿದೆ, ತಟ್ಟಿ ಪ್ರಯೋಜನ ಇಲ್ಲ. ಇನ್ನೊಂದು ವಿಷಯ, ಹೊಸ ಹೆಡ್ಡಿನ ಎತ್ತರ ಸುಮಾರು 108 ಮಿಲಿಮೀಟರ್ ಇರುತ್ತೆ. ಕೆತ್ತಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬಂದು ಚೈನ್ ಸಡಿಲವಾಗುತ್ತೆ, ವಾಲ್ವ್ ತೆರೆಯುವುದು ತಡವಾಗುತ್ತೆ. ಸ್ಪ್ರಾಕೆಟ್ಟಿನಲ್ಲಿ 1, 2, 3 ಅಂತ ಮೂರು ತೂತು ಇರೋದು ಇದನ್ನು ಸ್ವಲ್ಪ ಸರಿದೂಗಿಸೋಕೆ. ತುಂಬ ಕೆತ್ತಿದ್ದರೆ ಬಲ್ಲವರು ಕಂಬಗಳ ಅಡಿಗೆ ತೆಳು ತಗಡು ಕೊಟ್ಟು ಎತ್ತರಿಸುತ್ತಾರೆ. ಅವರು ಕಂಬ ಬಿಚ್ಚುತ್ತಾರೆ, ನಿಜ. ಮತ್ತೆ ಗೆರೆಗೆ ತರೋದು ಹೇಗೆ ಅಂತ ಗೊತ್ತಿದ್ದೇ ಬಿಚ್ಚುತ್ತಾರೆ.

ಬೇರೊಂದು ಹಳೆಯ ಹೆಡ್ ಸಿಕ್ಕಿದೆ. ಕೊಳ್ಳುವ ಮೊದಲು ಅಲ್ಲೇ ನಿಂತು ಅದರ ಎಲ್ಲ ರಾಕರ್ ತೆಗೆಸಿ ಕ್ಯಾಮನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದೆ. ಮಾರುವವರು ನನ್ನನ್ನು ಹುಚ್ಚನ ಹಾಗೆ ನೋಡಿದರು. ಗಟ್ಟಿ ಮರದಲ್ಲಿ ಒಂದು ಉದ್ದನೆಯ ಬೆಣೆಯನ್ನೂ ಮಾಡಿಟ್ಟಿದ್ದೇನೆ. ಸಂಪಿನ ಕೆಲಸ ಮುಗಿದರೆ ಮುಂದಿನ ವಾರ ಹೆಡ್ ಏರಿಸುತ್ತೇನೆ.