ಇಂಟರ್‌ಫೇಸ್ ಪೇಟೆಂಟ್ ವಿರುದ್ಧ ಹಳೆ ಸಾಕ್ಷಿ: ಎಲ್ಲಿ ಹುಡುಕಿದರೆ ಸಿಗುತ್ತದೆ?

ಪಟ್ಟಿಯ ಒಂದು ಸಾಲನ್ನು ಬೆರಳಿಂದ ಪಕ್ಕಕ್ಕೆ ಎಳೆದರೆ ಅಳಿಸುವ ಬಟನ್ ಕಾಣುತ್ತದೆ. ಅಷ್ಟೇ. ಅದಕ್ಕೊಂದು ಪೇಟೆಂಟ್ ಇದೆ ಅಂತ ನಮಗೆ ನೋಟಿಸ್ ಬಂತು. ಯಾರೋ ಇದನ್ನು ಮೊದಲೇ ಮಾಡಿರಬೇಕು ಅಲ್ವಾ ಅಂತ ಪ್ರಯರ್ ಆರ್ಟ್, ಅಂದರೆ ಇದು ಹೊಸದಲ್ಲ ಅಂತ ತೋರಿಸುವ ಹಳೆಯ ಸಾಕ್ಷಿ, ಹುಡುಕಲು ಕೂತೆ.

ಮೊದಲು ಗೂಗಲ್ ಪೇಟೆಂಟ್ಸ್. ವೇಗ ಚೆನ್ನಾಗಿದೆ, ಪ್ರಯಾರಿಟಿ ದಿನಾಂಕ (ಮೊದಲ ಅರ್ಜಿಯ ದಿನ) ಹಾಕಿ ಸೋಸಬಹುದು. ಆದರೆ ನಾನು 'ಸ್ವೈಪ್' ಅಂತ ಹುಡುಕುತ್ತಿದ್ದೆ, ವಕೀಲರು ಅದನ್ನೇ 'ಸಂಪರ್ಕ ಬಿಂದುವಿನ ಚಲನೆ' ಅನ್ನೋ ಧಾಟಿಯಲ್ಲಿ ಬರೆದಿರುತ್ತಾರೆ. ಎರಡು ದಿನ ಸುಮ್ನೆ ಹೋಯಿತು. ಎಸ್ಪಾಸೆನೆಟ್‌ನಲ್ಲಿ (ಯುರೋಪಿನ ಪೇಟೆಂಟ್ ಕಚೇರಿಯ ಹುಡುಕು ತಾಣ) ಪದ ಬಿಟ್ಟು, ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸುವ ವರ್ಗ ಸಂಖ್ಯೆ ಹಿಡಿದೆ, ಟಚ್‌ಸ್ಕ್ರೀನ್‌ಗೆ ಜಿ06ಎಫ್ 3/0488. ಅಲ್ಲಿ ಕಸ ಕಡಿಮೆ, ನೋಡಲು ಮಾತ್ರ ಮಂಕು.

ಹಳೆಯ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ಮೇಲೆ ನನಗೆ ಜಾಸ್ತಿ ಆಸೆ ಇತ್ತು. 1996ರಿಂದಲೂ ಪುಟಗಳಿವೆ, ಪ್ರತಿಯೊಂದಕ್ಕೂ ತಾರೀಖು ಇದೆ. ಆದರೆ ಇಂಟರ್‌ಫೇಸ್ ಅಂದರೆ ಚಲನೆ. ಹಳೆಯ ಪುಟದಲ್ಲಿ ಚಿತ್ರ ಹೋಗಿರುತ್ತದೆ, ಫ್ಲ್ಯಾಶ್ ಡೆಮೋ ಎಷ್ಟೋ ಸಲ ಓಡುವುದಿಲ್ಲ.

ವಿಡಿಯೋದಲ್ಲಿ ಚಲನೆ ಕಣ್ಣಿಗೇ ಕಾಣುತ್ತದೆ. 2013ರಲ್ಲಿ ಜರ್ಮನಿಯ ಫೆಡರಲ್ ಪೇಟೆಂಟ್ ಕೋರ್ಟ್ ಆಪಲ್‌ನ ಒಂದು ಪೇಟೆಂಟ್ ರದ್ದು ಮಾಡಿದಾಗ ಮುಳುವಾಗಿದ್ದು 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದ ವಿಡಿಯೋ! ಅರ್ಜಿಗೆ ಮೊದಲು ತಾನೇ ತೋರಿಸಿದರೂ ಯುರೋಪಿನಲ್ಲಿ ಅದು ಹಳೆಯದಾಯಿತು. ಅಮೆರಿಕದಲ್ಲಾದರೆ ಒಂದು ವರ್ಷ ವಿನಾಯಿತಿ ಇದೆ.

ಇಷ್ಟಾದರೂ ನನ್ನ ಓಟು ಹಳೆಯ ಯೂಸರ್ ಮ್ಯಾನ್ಯುಯಲ್‌ಗೇ. ಬೆರಳು ಎಲ್ಲಿಡಬೇಕು, ಎತ್ತ ಎಳೆಯಬೇಕು, ಆಮೇಲೆ ಏನಾಗುತ್ತದೆ ಅಂತ ಸಾಲುಸಾಲಾಗಿ ಬರೆದಿರುತ್ತಾರೆ, ಕ್ಲೇಮಿನ (ಪೇಟೆಂಟ್ ತನ್ನದು ಅಂತ ಹೇಳಿಕೊಳ್ಳುವ ಅಂಶಗಳ ಪಟ್ಟಿ) ಪಕ್ಕ ಇಟ್ಟು ಟಿಕ್ ಹಾಕುತ್ತಾ ಹೋಗಬಹುದು. ಅಮೆರಿಕದ ಇಂಟರ್ ಪಾರ್ಟಿಸ್ ರಿವ್ಯೂನಲ್ಲಿ (ಕೊಟ್ಟ ಪೇಟೆಂಟನ್ನು ಪೇಟೆಂಟ್ ಕಚೇರಿಯಲ್ಲೇ ಪ್ರಶ್ನಿಸುವ ವಿಚಾರಣೆ) ಪೇಟೆಂಟ್ ಮತ್ತು ಮುದ್ರಿತ ಪ್ರಕಟಣೆ ಮಾತ್ರ ಆಧಾರ, ಹಳೆಯ ಫೋನನ್ನೇ ತಂದು ಮೇಜಿನ ಮೇಲಿಟ್ಟರೂ ಅದು ಸಾಲದು. ಮ್ಯಾನ್ಯುಯಲ್ ಆ ಲೆಕ್ಕಕ್ಕೆ ಬರುತ್ತದೆ, ಅದು ಆಗಲೇ ಜನರ ಕೈಗೆ ಸಿಗುತ್ತಿತ್ತು ಅಂತ ತೋರಿಸಿದರೆ. ಅದಕ್ಕೆ ಮತ್ತೆ ವೇಬ್ಯಾಕ್ ಬೇಕಾಯಿತು: ಡೌನ್‌ಲೋಡ್ ಪುಟದ ತಾರೀಖಿಗೆ.

ಒಂದು ಹಳೆಯ ಪಿಡಿಎ (ಸ್ಮಾರ್ಟ್‌ಫೋನಿಗೂ ಮೊದಲಿನ ಅಂಗೈ ಕಂಪ್ಯೂಟರ್) ಮ್ಯಾನ್ಯುಯಲ್ ಸಿಕ್ಕಿದೆ. ಕ್ಲೇಮಿನ ಐದು ಅಂಶಗಳಲ್ಲಿ ನಾಲ್ಕು ಅದರಲ್ಲಿವೆ. ಬೆರಳಿನ ಜೊತೆಗೇ ಸಾಲೂ ಸರಿಯಬೇಕು ಅನ್ನೋ ಐದನೆಯದು ಇಲ್ಲ. ಅದಕ್ಕೆ ಜೋಡಿ ಸಾಕ್ಷಿ ಇನ್ನೂ ಹುಡುಕುತ್ತಿದ್ದೇನೆ.