ಮೊದಲ ಕ್ರಾಸ್‌ಬೋ: ರಿಕರ್ವ್ ತಗೊಳ್ಳೋದಾ, ಕಾಂಪೌಂಡಾ?

ಅಮೆರಿಕದ ಒಹಾಯೊ, ಮಿಶಿಗನ್ ಕಡೆ ಜಿಂಕೆ ಬೇಟೆಗೆ ಲೈಸೆನ್ಸ್ ಮಾಡಿಸಿ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಕುದುರೆ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು) ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರಾಜ್ಯದ ನಿಯಮ ಮೊದಲು ನೋಡಿ. ಒರೆಗಾನ್‌ನಲ್ಲಿ ಕ್ರಾಸ್‌ಬೋ ಬೇಟೆಗೆ ಅನುಮತಿಯೇ ಇಲ್ಲ.

ಕಾಂಪೌಂಡ್ ಅಂದರೆ ತುದಿಗಳಲ್ಲಿ ಕ್ಯಾಮ್ ಎಂಬ ಚಕ್ರಗಳಿರುವ ಬಿಲ್ಲು. ಇದರ ಅಗಲ ಕಮ್ಮಿ. ಮರದ ಮೇಲಿನ ಅಟ್ಟಣೆಯಲ್ಲಿ ಕೂತು ತಿರುಗಿಸಿದರೂ ಕೊಂಬೆಗೆ ತಾಗುವುದು ಅಪರೂಪ. ಆದರೆ ಕ್ಯಾಮ್, ಕೇಬಲ್ ಇರುವುದರಿಂದ ಹೆದೆ ಬದಲಿಸಲು ಸಾಮಾನ್ಯವಾಗಿ ಪ್ರೆಸ್ (ಬಿಲ್ಲಿನ ತೋಳುಗಳನ್ನು ಒತ್ತಿ ಹಿಡಿಯುವ ಸಾಧನ) ಬೇಕು, ಅಂದರೆ ಅಂಗಡಿಗೇ ಹೋಗಬೇಕು. ರಿಕರ್ವ್ ಅಂದರೆ ಚಕ್ರಗಳಿಲ್ಲದ, ತುದಿ ಮುಂದಕ್ಕೆ ಬಾಗಿದ ಬಿಲ್ಲು. ಇದರ ಅಗಲ ಜಾಸ್ತಿ, ಎಳೆಯೋಕೆ ಬಲವೂ ಜಾಸ್ತಿ ಬೇಕು. ಆದರೆ ಹೆದೆ ಹಾಳಾದರೆ ಕಾಡಲ್ಲೇ ಬೇರೆ ಹಾಕಿಕೊಳ್ಳಬಹುದು. ಊರಿಂದ ದೂರ ಹೋಗುವವರಿಗೆ ನಾನಂತೂ ರಿಕರ್ವ್ ಅನ್ನೇ ಹೇಳುತ್ತೇನೆ.

ಗುರಿ ಕೂರಿಸುವ ಕೆಲಸ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಹೆದೆ ಎರಡೂ ಕಡೆ ಸಮನಾಗಿ ಬರದಿದ್ದರೆ ಬಾಣ ಪಕ್ಕಕ್ಕೆ ಹೋಗುತ್ತದೆ. ಬರಿಗೈಯಲ್ಲಿ ಎಳೆಯುವ ಬದಲು ಎಳೆಯುವ ಹಗ್ಗ ಬಳಸಿ. ಹೆದೆ ಹಳಿಯನ್ನು (ಬಾಣ ಕೂರುವ ಉದ್ದ ಪಟ್ಟಿ) ಮುಟ್ಟುವ ಎರಡು ಕಡೆ ಮಾರ್ಕರ್‌ನಿಂದ ಗುರುತು ಹಾಕಿ. ಎಳೆದ ಮೇಲೂ ಗುರುತು ಹಳಿಯ ಅಂಚಿಗೇ ಇದೆಯಾ ನೋಡಿ. ಆಮೇಲೆ 20 ಗಜದಲ್ಲಿ ಮೂರು ಬಾಣ ಬಿಟ್ಟು, ಗುರಿಯಿಂದ ಎಷ್ಟು ತಪ್ಪಿತೋ ನೋಡಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಸರಿಪಡಿಸಿ. ಸ್ಕೋಪಿನ ಒಂದು ಕ್ಲಿಕ್ 100 ಗಜಕ್ಕೆ ಕಾಲು ಇಂಚು ಸರಿಸುವಂಥದ್ದಾದರೆ, 20 ಗಜದಲ್ಲಿ ಒಂದು ಇಂಚಿಗೆ 20 ಕ್ಲಿಕ್ ಬೇಕು. ಒಂದೆರಡು ಕ್ಲಿಕ್ ತಿರುಗಿಸಿದರೆ ಏನೂ ಕಾಣಲ್ಲ.

ಬೇಟೆಗೆ ಬಳಸುವ ಅಗಲ ಮೊನೆ (ಬ್ಲೇಡಿರುವ ಬ್ರಾಡ್‌ಹೆಡ್) ಹಾಕಿ ಮತ್ತೆ ಪರೀಕ್ಷಿಸಿ, ಅಭ್ಯಾಸದ ಮೊನೆಗಿಂತ ಬೇರೆ ಕಡೆ ಬೀಳಬಹುದು. ಬಾಣವಿಲ್ಲದೆ ಮಾತ್ರ ಹೆದೆ ಬಿಡಲೇಬೇಡಿ, ಬಿಲ್ಲು ಒಡೆದು ನಿಮಗೇ ಏಟಾಗಬಹುದು.